ಫುಜಿಯ ಬಾಗಿಲು ಮಧ್ಯಾಹ್ನ ಎರಡಕ್ಕೆ ಏಕೆ ಮುಚ್ಚುತ್ತದೆ?

ಜಪಾನಿನ ಅತಿ ಎತ್ತರದ ಪರ್ವತವಾದ ಫುಜಿಯನ್ನು ಬೇಸಿಗೆಯಲ್ಲಿ ಹತ್ತಲು ಹಗ್ಗ ಬೇಕಾಗಿಲ್ಲ, ಬಂಡೆ ಏರುವ ತರಬೇತಿ ಬೇಕಾಗಿಲ್ಲ, ಮಾರ್ಗದರ್ಶಿಯನ್ನು ಕರೆದೊಯ್ಯಬೇಕೆಂಬ ಕಡ್ಡಾಯವೂ ಇಲ್ಲ. 3,776 ಮೀಟರ್ ಎತ್ತರದ ಈ ಪರ್ವತದ ಉತ್ತರ ಮಗ್ಗುಲಿನಲ್ಲಿ ಸುಮಾರು 2,300 ಮೀಟರಿನವರೆಗೆ ಡಾಂಬರು ರಸ್ತೆಯಿದೆ. 1964ರಲ್ಲಿ ತೆರೆದ ಈ ರಸ್ತೆಯಲ್ಲಿ ಟೋಕಿಯೋದಿಂದ ನೇರ ಬಸ್ಸುಗಳು ಬರುತ್ತವೆ. ರಾಜಧಾನಿಯ ಸೆಕೆಯಲ್ಲಿ ಬಸ್ಸು ಹತ್ತಿದವರು ಮೂರು ಗಂಟೆಯೊಳಗೆ ಐದನೇ ನಿಲ್ದಾಣವೆಂದು ಕರೆಯುವ ಜಾಗದಲ್ಲಿ (ಬುಡದಿಂದ ಶಿಖರದವರೆಗಿನ ಹಾದಿಯ ಹಂತಗಳನ್ನು ಇಲ್ಲಿ ನಿಲ್ದಾಣಗಳೆಂದು ಎಣಿಸುತ್ತಾರೆ) ಇಳಿದು, ಅಂಗಡಿಗಳ ಮುಂದೆ ನಿಂತು ಶಿಖರವನ್ನು ನೋಡುತ್ತಾರೆ. ಅದು ಕೈಗೆಟುಕುವಷ್ಟು ಹತ್ತಿರದಲ್ಲಿರುವಂತೆ ಕಾಣುತ್ತದೆ.

ಫುಜಿಯ ಅಪಾಯ ಹುಟ್ಟುವುದೇ ಈ ಸುಲಭದಿಂದ. ದಾರಿ ಕಠಿಣವಾಗಿರುವ ಪರ್ವತ ತನಗೆ ತಕ್ಕವರನ್ನು ಬುಡದಲ್ಲಿಯೇ ಆರಿಸಿಕೊಳ್ಳುತ್ತದೆ. ಫುಜಿ ಹಾಗೆ ಯಾರನ್ನೂ ಆರಿಸುವುದಿಲ್ಲ. ಹಾಗಾಗಿ ಆ ಕೆಲಸವನ್ನು ಸರ್ಕಾರ ಮಾಡಬೇಕಾಗಿ ಬಂದಿದೆ. ಕಳೆದ ಕೆಲವು ವರ್ಷಗಳಲ್ಲಿ ಅಲ್ಲಿ ಬಂದಿರುವ ಶುಲ್ಕ, ಗೇಟು, ಸಮಯದ ಮಿತಿಗಳನ್ನು ಪ್ರವಾಸಿಗರಿಗೆ ಹಾಕಿದ ಕಿರಿಕಿರಿ ಎಂದು ನೋಡುವವರಿದ್ದಾರೆ. ನಾನು ಅವುಗಳನ್ನು ಬೇರೆ ರೀತಿಯಲ್ಲಿ ಓದುತ್ತೇನೆ. ಒಂದೊಂದು ನಿಯಮದ ಹಿಂದೆಯೂ ಜನ ಒಂದು ನಿರ್ದಿಷ್ಟ ರೀತಿಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡ ಚರಿತ್ರೆಯಿದೆ. ನಿಯಮವನ್ನು ಹಿಂದಿನಿಂದ ಓದುತ್ತ ಹೋದರೆ ಅಪಾಯದ ನಕ್ಷೆಯೇ ಸಿಗುತ್ತದೆ.

ಮೊದಲು ದೇಹದ ವಿಚಾರ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಆ ಲೆಕ್ಕದಲ್ಲಿಯೇ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ತಗ್ಗುತ್ತದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ ಎಂದು ವೈದ್ಯರು ಹೇಳುತ್ತಾರೆ. ಅಂದರೆ ಬಸ್ಸಿನಿಂದ ಇಳಿದು ಸ್ವಲ್ಪವೇ ನಡೆದರೂ ನೀವು ಅದರ ವಲಯದೊಳಗೆ ಇರುತ್ತೀರಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ಕಾಲೆಳೆಯುವಂಥ ಸುಸ್ತು ಇದರ ಲಕ್ಷಣಗಳು. ಅನೇಕರು ಗಮನಿಸದ ಸಂಗತಿಯೆಂದರೆ ಈ ಕಾಯಿಲೆ ಎತ್ತರಕ್ಕೆ ಬಂದ ಕೂಡಲೇ ಹಿಡಿಯುವುದಿಲ್ಲ, ಕೆಲವು ಗಂಟೆಗಳ ಅನಂತರ ಹಿಡಿಯುತ್ತದೆ. ಸಂಜೆ ಹುರುಪಿನಿಂದ ಹತ್ತಿದವರು ಎಂಟನೇ ನಿಲ್ದಾಣದ ತಂಗುಮನೆಯಲ್ಲಿ ಮಲಗಿ, ನಡುರಾತ್ರಿ ತಲೆ ಸಿಡಿಯುತ್ತ ಏಳುತ್ತಾರೆ. ನಿದ್ರೆಯಲ್ಲಿ ಉಸಿರಾಟ ನಿಧಾನವಾಗುವುದರಿಂದ ರಕ್ತಕ್ಕೆ ಸೇರುವ ಆಮ್ಲಜನಕ ಇನ್ನಷ್ಟು ಇಳಿದಿರುತ್ತದೆ. ಐದನೇ ನಿಲ್ದಾಣದಲ್ಲಿ ಇಳಿದವರು ಒಂದು ಗಂಟೆಯಾದರೂ ಅಲ್ಲಿಯೇ ಸುಮ್ಮನೆ ಕಳೆಯಿರಿ ಎಂದು ಅಲ್ಲಿನವರು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ. ಹಾಗೆ ಕಾಯುವವರನ್ನು ನಾನು ಹೆಚ್ಚು ಕಂಡಿಲ್ಲ. ಔಷಧಿ, ಕ್ಯಾನಿನಲ್ಲಿ ಮಾರುವ ಆಮ್ಲಜನಕ ಇತ್ಯಾದಿಗಳ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಲಕ್ಷಣಗಳು ಬಲವಾದಾಗ ನಂಬಬಹುದಾದ ಮದ್ದು ಒಂದೇ, ಅದು ಕೆಳಗಿಳಿಯುವುದು.

ಎರಡನೆಯದು ಚಳಿ. ಆಗಸ್ಟಿನಲ್ಲಿ ಟೋಕಿಯೋ 35 ಡಿಗ್ರಿಯಲ್ಲಿ ಬೇಯುತ್ತಿದ್ದರೂ ಶಿಖರದ ಸರಾಸರಿ ತಾಪ 5–6 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೆಳಗಿನ ಜಾವ ಅದು ಸೊನ್ನೆಗೆ ಹತ್ತಿರವಾಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಿದಂತೆಲ್ಲ ಮೈಗೆ ತಾಗುವ ತಾಪ ಸುಮಾರು ಒಂದು ಡಿಗ್ರಿ ಇಳಿಯುತ್ತದೆ ಎಂಬುದು ಜಪಾನಿನ ಚಾರಣಿಗರು ಬಳಸುವ ಸ್ಥೂಲ ಲೆಕ್ಕ. ಬೆವರಿನಲ್ಲಿ ನೆಂದ ಹತ್ತಿಯ ಅಂಗಿ, ಅದರ ಮೇಲೆ ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟು, ಕಾಲಿಗೆ ಕ್ಯಾನ್ವಾಸ್ ಶೂ ತೊಟ್ಟವರು ಬೆಳಗಿನ ಜಾವದ ಎರಡು ಗಂಟೆಗೆ ತಂಗುಮನೆಯ ಗೋಡೆಗೆ ಒರಗಿ ಮುದುಡಿ ಕುಳಿತಿರುತ್ತಾರೆ. ಒಳಗೆ ಜಾಗವಿಲ್ಲ, ಕಾಯ್ದಿರಿಸಿಲ್ಲ. ಕೆಲವರು ಶೌಚಾಲಯದೊಳಗೆ ಹೋಗಿ ಮಲಗಿದ್ದೂ, ಕೆಲವರು ದಾರಿಯ ಬದಿಯಲ್ಲಿ ಬೆಂಕಿ ಹಾಕಿದ್ದೂ ಸುದ್ದಿಯಾಗಿದೆ. ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ನಡುಕ, ತೊದಲು ಮಾತು, ಮಂಕುತನ ಶುರುವಾಗುತ್ತವೆ. ಮಂಕು ಕವಿದವರಿಗೆ ತಮಗೆ ಮಂಕು ಕವಿದಿದೆ ಎಂಬುದೇ ತಿಳಿಯುವುದಿಲ್ಲ, ಆದ್ದರಿಂದ ಜೊತೆಗಾರರಿಲ್ಲದೆ ಹೋದವರ ಸ್ಥಿತಿ ಇನ್ನೂ ಕಷ್ಟ.

ಇವರು ಆ ಹೊತ್ತಿನಲ್ಲಿ ಅಲ್ಲಿ ಏಕಿರುತ್ತಾರೆ? ಶಿಖರದ ಮೇಲಿನಿಂದ ಸೂರ್ಯೋದಯ ನೋಡುವುದು ಫುಜಿಯಾತ್ರೆಯ ಹಳೆಯ ಆಸೆ. ಅದಕ್ಕೆ ಕ್ರಮಬದ್ಧವಾದ ದಾರಿಯೆಂದರೆ ಹಗಲಿನಲ್ಲಿ ಹತ್ತಿ, ಏಳನೇ ಅಥವಾ ಎಂಟನೇ ನಿಲ್ದಾಣದ ತಂಗುಮನೆಯಲ್ಲಿ ವಿಶ್ರಮಿಸಿ, ನಡುರಾತ್ರಿಯ ಮೇಲೆ ಉಳಿದದ್ದನ್ನು ಹತ್ತುವುದು. ಅದನ್ನು ಬಿಟ್ಟು, ಸಂಜೆಯ ಬಸ್ಸಿನಲ್ಲಿ ಬಂದು, ಎಲ್ಲಿಯೂ ತಂಗದೆ ಇರುಳಿಡೀ ಹತ್ತಿ, ಸೂರ್ಯೋದಯ ನೋಡಿ, ಅದೇ ದಿನ ಇಳಿದು ಬಸ್ಸು ಹಿಡಿಯುವ ರೂಢಿ ಬೆಳೆಯಿತು. ಜಪಾನೀಯರು ಇದನ್ನು ‘ದಾಂಗನ್ ತೊಝಾನ್’, ಅಂದರೆ ಗುಂಡಿನ ವೇಗದ ಏರಿಕೆ ಎನ್ನುತ್ತಾರೆ. ನಿದ್ರೆಯಿಲ್ಲ, ಎತ್ತರಕ್ಕೆ ದೇಹ ಒಗ್ಗಿಲ್ಲ, ಚಳಿಯ ಹೊತ್ತಿನಲ್ಲಿಯೇ ಅತಿ ಎತ್ತರದಲ್ಲಿ ನಿಂತಿರಬೇಕು, ದಣಿವು ತುದಿ ಮುಟ್ಟಿದಾಗ ಇಳಿಯಲು ಶುರುಮಾಡಬೇಕು. ಮೇಲೆ ಹೇಳಿದ ಎಲ್ಲ ಅಪಾಯಗಳನ್ನೂ ಒಂದೇ ರಾತ್ರಿಗೆ ಪೋಣಿಸಿದಂತೆ ಇದು.

ಕೊರೋನಾ ನಿರ್ಬಂಧಗಳು ತೆರವಾದ ಮೇಲೆ, 2023ರ ಬೇಸಿಗೆಯಲ್ಲಿ, ಈ ರೂಢಿಯೂ ಜನಸಂದಣಿಯೂ ಒಟ್ಟಿಗೆ ಏರಿದವು. ಫುಜಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ ಆಗ ಹತ್ತು ವರ್ಷ. ಅಷ್ಟು ಕಾಲವೂ ಇದ್ದದ್ದು 1,000 ಯೆನ್‌ನ ಐಚ್ಛಿಕ ದೇಣಿಗೆ ಮಾತ್ರ, ಅದನ್ನು ಕೊಡದೆ ಹೋಗುವವರನ್ನು ಯಾರೂ ತಡೆಯುವಂತಿರಲಿಲ್ಲ. ಹಾಗೆ ತಡೆಯಲಾಗದೆ ಇದ್ದದ್ದಕ್ಕೆ ಕಾನೂನಿನ ಒಂದು ಸ್ವಾರಸ್ಯವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫುಜಿಯ ಚಾರಣದ ಹಾದಿ ಕಾನೂನಿನ ಕಣ್ಣಿನಲ್ಲಿ ಒಂದು ಸಾರ್ವಜನಿಕ ರಸ್ತೆ. ಕಾರು ಓಡುವ ಹೆದ್ದಾರಿಗೆ ಅನ್ವಯಿಸುವ ಅದೇ ರಸ್ತೆ ಕಾಯ್ದೆ ಈ ಕಲ್ಲುಹಾದಿಗೂ ಅನ್ವಯಿಸುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ನಡೆದುಹೋಗುವವರಿಂದ ಹಣ ಪಡೆಯುವಂತಿಲ್ಲ. ಹಾಗಾಗಿ ಉತ್ತರ ಮಗ್ಗುಲಿನ ಯಮನಾಶಿ ಪ್ರಾಂತದ ಆಡಳಿತವು ಐದನೇ ನಿಲ್ದಾಣದಲ್ಲಿ ಯೊಶಿದಾ ಹಾದಿ ಶುರುವಾಗುವ ಸ್ವಲ್ಪ ಜಾಗವನ್ನು ರಸ್ತೆಯ ಲೆಕ್ಕದಿಂದ ಹೊರತೆಗೆದು, ಅದನ್ನು ಪ್ರಾಂತದ ಸ್ವಂತ ಸೌಲಭ್ಯವೆಂದು ಘೋಷಿಸಿ, ಅದರ ಮೇಲೆ ಗೇಟು ನಿಲ್ಲಿಸಿತು. ಅಷ್ಟಕ್ಕಾಗಿಯೇ ಒಂದು ಪ್ರತ್ಯೇಕ ಸ್ಥಳೀಯ ಕಾನೂನು ಬಂತು.

2024ರ ಜುಲೈ 1ರಂದು ತೆರೆದ ಆ ಗೇಟಿನ ನಿಯಮಗಳು ಮೂರು. ತಲೆಗೆ 2,000 ಯೆನ್ ಶುಲ್ಕ. ದಿನಕ್ಕೆ 4,000 ಮಂದಿಯ ಮಿತಿ. ಸಂಜೆ ನಾಲ್ಕರಿಂದ ಬೆಳಗಿನ ಜಾವ ಮೂರರವರೆಗೆ ಬಾಗಿಲು ಬಂದ್, ತಂಗುಮನೆ ಕಾಯ್ದಿರಿಸಿದವರಿಗೆ ಮಾತ್ರ ವಿನಾಯಿತಿ. ಮಾಧ್ಯಮಗಳು ಮೊದಲೆರಡನ್ನೇ ಹೆಚ್ಚಾಗಿ ಚರ್ಚಿಸಿದವು. ನನ್ನ ದೃಷ್ಟಿಯಲ್ಲಿ ಪ್ರಾಣ ಉಳಿಸುವ ನಿಯಮ ಮೂರನೆಯದು. ಹಣ ಕೊಟ್ಟವರಿಗೂ ಎತ್ತರದ ಕಾಯಿಲೆ ಬರುತ್ತದೆ, 3,999ನೆಯವರಾಗಿ ಒಳಹೋದವರೂ ಚಳಿಯಲ್ಲಿ ನಡುಗುತ್ತಾರೆ. ಆದರೆ ಸಂಜೆ ಬಾಗಿಲು ಮುಚ್ಚಿದರೆ ಇರುಳಿಡೀ ಹತ್ತುವ ಯೋಜನೆಯೇ ಮುರಿದುಬೀಳುತ್ತದೆ. ಮೊದಲ ವರ್ಷದಲ್ಲಿ ಉಳಿದಿದ್ದ ಸಂದು ಏನೆಂದು ನೀವೇ ಊಹಿಸಬಹುದು: ನಾಲ್ಕಕ್ಕೆ ಸ್ವಲ್ಪ ಮುಂಚೆ ಒಳಹೊಕ್ಕು, ಮೇಲೆ ಎಲ್ಲಿಯಾದರೂ ಹೊತ್ತು ಕಳೆದು, ರಾತ್ರಿ ಮುಂದುವರಿಯುವುದು. 2025ರಿಂದ ಬಾಗಿಲು ಮಧ್ಯಾಹ್ನ ಎರಡಕ್ಕೇ ಮುಚ್ಚುತ್ತದೆ. ಶುಲ್ಕ 4,000 ಯೆನ್ ಆಯಿತು. ದಕ್ಷಿಣ ಮಗ್ಗುಲಿನ ಶಿಝುಓಕಾ ಪ್ರಾಂತವೂ ತನ್ನ ಮೂರು ಹಾದಿಗಳಾದ ಸುಬಾಶಿರಿ, ಗೊತೆಂಬಾ, ಫುಜಿನೊಮಿಯಗಳಲ್ಲಿ ಅಷ್ಟೇ ಶುಲ್ಕವನ್ನೂ ಅದೇ ಎರಡು ಗಂಟೆಯ ನಿಯಮವನ್ನೂ ತಂದಿತು. ಜೊತೆಗೆ, ಹತ್ತುವವರು ಮೊದಲೇ ನಿಯಮಗಳನ್ನೂ ಅಪಾಯಗಳನ್ನೂ ಓದಿ ತಿಳಿದಿರಬೇಕೆಂದು ಕಡ್ಡಾಯ ಮಾಡಿತು. ದಿನದ ಮಿತಿಯನ್ನು ಮಾತ್ರ ಅದು ಹಾಕಲಿಲ್ಲ. ಹಾದಿಗಳು ತೆರೆದಿರುವ ಅವಧಿಯಲ್ಲಿಯೂ ವ್ಯತ್ಯಾಸವಿದೆ: ಯೊಶಿದಾ ಜುಲೈ 1ರಿಂದ, ಉಳಿದ ಮೂರು ಜುಲೈ 10ರಿಂದ, ಮುಚ್ಚುವುದು ನಾಲ್ಕೂ ಸೆಪ್ಟೆಂಬರ್ 10ಕ್ಕೆ.

ಈ ವ್ಯವಸ್ಥೆಯ ಬಗ್ಗೆ ನನಗೊಂದು ಆಕ್ಷೇಪವಿದೆ. ತಂಗುಮನೆಯಲ್ಲಿ ಒಂದು ರಾತ್ರಿಗೆ 10,000 ಯೆನ್ ದಾಟುವುದು ಈಗ ಸಾಮಾನ್ಯ, ಹಾಸಿಗೆಗಳೂ ಕಡಿಮೆ. ಹಾಗಾಗಿ ಶಿಖರದ ಸೂರ್ಯೋದಯವು ಹಣವಿದ್ದವರ, ತಿಂಗಳುಗಳ ಮೊದಲೇ ಕಾಯ್ದಿರಿಸಬಲ್ಲವರ ಸೊತ್ತಾಗುತ್ತಿದೆ. ವಿದ್ಯಾರ್ಥಿಗಳು ಈ ಮಾತನ್ನು ಸಿಟ್ಟಿನಿಂದ ಹೇಳುವುದನ್ನು ಕೇಳಿದ್ದೇನೆ, ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೂ ಫುಜಿಯ ಹಳೆಯ ನಿರ್ಬಂಧಗಳ ಜೊತೆ ಇದನ್ನು ಹೋಲಿಸಿ ನೋಡಬೇಕು. ಈ ಪವಿತ್ರ ಪರ್ವತದ ಶಿಖರಕ್ಕೆ ಹೆಂಗಸರು ಹೋಗುವಂತಿರಲಿಲ್ಲ. ಮೇಜಿ ಸರ್ಕಾರ ಆ ನಿಷೇಧವನ್ನು ತೆಗೆದದ್ದು 1872ರಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲೇ, 1832ರಲ್ಲಿ, ತಕಾಯಾಮಾ ತತ್ಸು ಎಂಬಾಕೆ ಗಂಡಸಿನ ವೇಷ ಧರಿಸಿ ಶಿಖರ ಮುಟ್ಟಿ ಬಂದಿದ್ದಳು. ಆ ನಿರ್ಬಂಧ ‘ನೀನು ಯಾರು’ ಎಂದು ಕೇಳುತ್ತಿತ್ತು. ಇಂದಿನ ಗೇಟು ಕೇಳುವುದು ‘ಈಗ ಎಷ್ಟು ಗಂಟೆ, ರಾತ್ರಿ ಎಲ್ಲಿರುತ್ತೀರಿ’ ಎಂದು. ಬೆಟ್ಟದ ಬುಡದಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ಈಗ ಗಾಳಿಯ ವಿಚಾರಕ್ಕೆ ಬರುತ್ತೇನೆ. ಫುಜಿ ಪರ್ವತಶ್ರೇಣಿಯ ಭಾಗವಲ್ಲ, ಒಂಟಿಯಾಗಿ ನಿಂತ ಜ್ವಾಲಾಮುಖಿ. ಸುತ್ತ ಅದಕ್ಕೆ ಮರೆಯಾಗುವ ಇನ್ನೊಂದು ಎತ್ತರವಿಲ್ಲ. ಐದನೇ ನಿಲ್ದಾಣದಿಂದ ಸ್ವಲ್ಪ ಮೇಲಕ್ಕೆ ಮರಗಳೂ ಇಲ್ಲ. 1966ರ ಮಾರ್ಚ್ 5ರಂದು ಆಕಾಶ ನಿಚ್ಚಳವಾಗಿದ್ದ ಮಧ್ಯಾಹ್ನ, ಟೋಕಿಯೋದಿಂದ ಹಾಂಗ್‌ಕಾಂಗಿಗೆ ಹೊರಟ ಬಿಓಎಸಿ ಸಂಸ್ಥೆಯ ಬೋಯಿಂಗ್ 707 ವಿಮಾನ ಫುಜಿಯ ಬಳಿ ಹಾರುತ್ತಿದ್ದಾಗ, ಪರ್ವತದ ಮರೆಯಲ್ಲಿ ಎದ್ದ ಗಾಳಿಯ ಸುಳಿಗೆ ಸಿಕ್ಕಿ ಆಕಾಶದಲ್ಲಿಯೇ ಮುರಿದುಬಿತ್ತು. ಅದರಲ್ಲಿದ್ದ 124 ಮಂದಿಯೂ ಸತ್ತರು. ಅದೇ ವರ್ಷದ ಸೆಪ್ಟೆಂಬರಿನ ಚಂಡಮಾರುತದಲ್ಲಿ ಶಿಖರದ ಹವಾಮಾನ ಕೇಂದ್ರ ಸೆಕೆಂಡಿಗೆ 91 ಮೀಟರ್ ವೇಗದ ಗಾಳಿಯನ್ನು ದಾಖಲಿಸಿತು. ಚಾರಣಿಗರಿಗೆ ಅಷ್ಟು ವೇಗದ ಗಾಳಿ ಎದುರಾಗುವುದು ಅಪರೂಪ, ಆದರೆ ಅವರನ್ನು ಉರುಳಿಸಲು ಅದರ ಕಾಲು ಭಾಗವೂ ಸಾಕು. ಗಾಳಿ ಬಿರುಸಾದ ದಿನ ತಂಗುಮನೆಯವರು ಮೇಲೆ ಹೋಗಬೇಡಿ ಎಂದರೆ ಅದು ವಿನಂತಿಯಷ್ಟೇ, ಆಜ್ಞೆಯಲ್ಲ. ದೂರದೇಶದಿಂದ ಬಂದವರು ಟಿಕೆಟಿನ ಲೆಕ್ಕ ಹಾಕುತ್ತ ಮುಂದುವರಿಯುತ್ತಾರೆ. ಸಿಡಿಲಿನ ವಿಷಯದಲ್ಲಿಯೂ ಹೀಗೆಯೇ. ಬೋಳು ಇಳಿಜಾರಿನಲ್ಲಿ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ.

ಕಲ್ಲುಗಳ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ಫುಜಿಯ ಮೈಯೆಲ್ಲ ಲಾವಾದ ತುಣುಕು, ಬೂದಿ, ಸಡಿಲವಾದ ಜಲ್ಲಿ. 1980ರ ಆಗಸ್ಟ್ 14ರಂದು, ಇಳಿಯುವವರಿಂದ ಯೊಶಿದಾ ಬದಿಯ ಹಾದಿ ತುಂಬಿದ್ದ ಮಧ್ಯಾಹ್ನ, ಶಿಖರದ ಸಮೀಪದಿಂದ ಕಳಚಿದ ಬಂಡೆಗಳು ಉರುಳಿ ಬಂದು 12 ಮಂದಿ ಸತ್ತರು. ಅಂದು ಬಳಕೆಯಲ್ಲಿದ್ದ ಇಳಿಯುವ ಹಾದಿಯನ್ನು ಆಮೇಲೆ ಮುಚ್ಚಲಾಯಿತು. ಅಷ್ಟು ದೊಡ್ಡ ಕುಸಿತ ದಿನವೂ ಆಗುವುದಿಲ್ಲ. ದಿನವೂ ಆಗುವುದು ಬೇರೆ: ಸೂರ್ಯೋದಯಕ್ಕೆ ಮುಂಚಿನ ಗಂಟೆಗಳಲ್ಲಿ ಎಂಟನೇ ನಿಲ್ದಾಣದಿಂದ ಮೇಲಕ್ಕೆ ಹೆಡ್‌ಲ್ಯಾಂಪುಗಳ ಸಾಲು ಅಂಗುಲ ಅಂಗುಲವಾಗಿ ಸಾಗುತ್ತಿರುತ್ತದೆ, ತಾಳ್ಮೆ ಕಳೆದುಕೊಂಡವರು ಹಗ್ಗದ ಗೆರೆ ದಾಟಿ ಪಕ್ಕದ ಜಲ್ಲಿಯ ಮೇಲೆ ಹತ್ತಿ ಮುಂದೆ ಹೋಗಲು ನೋಡುತ್ತಾರೆ, ಅವರ ಕಾಲಡಿಯ ಕಲ್ಲು ಜಾರಿ ಕೆಳಗಿನ ತಿರುವಿನಲ್ಲಿ ನಿಂತವರ ತಲೆಯತ್ತ ಉರುಳುತ್ತದೆ. ದಿನದ ಮಿತಿ ಅರ್ಥ ಪಡೆಯುವುದು ಇಲ್ಲಿ. ಸಂದಣಿ ಇಲ್ಲದಿದ್ದರೆ ಹಾದಿ ಬಿಡುವ ಆತುರವೂ ಇರುವುದಿಲ್ಲ. ಹೆಲ್ಮೆಟ್ ಧರಿಸಿ ಎಂಬ ಸಲಹೆಗೆ ಇನ್ನೊಂದು ಕಾರಣವೂ ಇದೆ. ಫುಜಿ 1707ರ ಡಿಸೆಂಬರಿನಲ್ಲಿ ಕೊನೆಯ ಸಲ ಸಿಡಿಯಿತು, ಭಾರಿ ಭೂಕಂಪವೊಂದಾದ 49 ದಿನಗಳ ಮೇಲೆ. ಅದರ ಬೂದಿ ಇಂದಿನ ಟೋಕಿಯೋ ಆಗಿರುವ ಎದೋ ನಗರದ ಮೇಲೆ ಬಿದ್ದಿತ್ತು. ಅದು ಇಂದಿಗೂ ಜೀವಂತ ಜ್ವಾಲಾಮುಖಿ.

ಇಳಿಯುವ ಹಾದಿಗೆ ಬರೋಣ. ಶಿಖರ ಮುಟ್ಟಿದವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ, ಜಾರಿ ಬೀಳುವುದು, ಹಿಮ್ಮಡಿ ಹೊರಳುವುದು, ದಾರಿ ತಪ್ಪುವುದು ಹೆಚ್ಚಾಗಿ ಆಮೇಲೆಯೇ. ಯೊಶಿದಾ ಮತ್ತು ಸುಬಾಶಿರಿ ಹಾದಿಗಳು ಶಿಖರದಿಂದ ಎಂಟನೇ ನಿಲ್ದಾಣದವರೆಗೆ ಒಂದೇ ಇಳಿಜಾರನ್ನು ಹಂಚಿಕೊಳ್ಳುತ್ತವೆ. ಶಿತಾ ಎದೋಯ ಎಂಬ ತಂಗುಮನೆಯ ಬಳಿ ಅವು ಕವಲಾಗುತ್ತವೆ. ಅಲ್ಲಿ ಫಲಕವಿದೆ. ನಾಲ್ಕೂ ಹಾದಿಗಳಿಗೆ ಒಂದೊಂದು ಬಣ್ಣ: ಯೊಶಿದಾ ಹಳದಿ, ಸುಬಾಶಿರಿ ಕೆಂಪು, ಗೊತೆಂಬಾ ಹಸಿರು, ಫುಜಿನೊಮಿಯ ನೀಲಿ. ಇಷ್ಟು ಸ್ಪಷ್ಟವಾಗಿದ್ದರೂ ನಿದ್ರೆಗೆಟ್ಟವರು ಮುಂದಿನವರ ಬೆನ್ನುಚೀಲವನ್ನು ನೋಡುತ್ತ ತಲೆತಗ್ಗಿಸಿ ಇಳಿಯುತ್ತಾರೆ, ಕವಲಿನಲ್ಲಿ ಕೆಂಪಿನ ಕಡೆಗೆ ಹೊರಳುತ್ತಾರೆ, ಜಾರುಮರಳಿನಲ್ಲಿ ಸಾವಿರ ಮೀಟರಿನಷ್ಟು ಇಳಿದ ಮೇಲೆ ಬೇರೊಂದು ಪ್ರಾಂತದ ಬಸ್ ನಿಲ್ದಾಣದಲ್ಲಿ ಕಣ್ಣು ಬಿಡುತ್ತಾರೆ. ಮಂಜು ಕವಿದ ದಿನ ಇದು ಇನ್ನೂ ಸುಲಭ. ಹೊರಡುವ ಮುನ್ನ ನಿಮ್ಮ ಹಾದಿಯ ಬಣ್ಣವನ್ನು ನೆನಪಿಟ್ಟುಕೊಳ್ಳಿ. ಹೆಸರು ಮರೆತರೂ ಬಣ್ಣ ಮರೆಯುವುದಿಲ್ಲ.

ಇಷ್ಟೂ ಬೇಸಿಗೆಯ ಮಾತು. ಸೆಪ್ಟೆಂಬರ್ 10ರ ಅನಂತರದ ಫುಜಿ ಬೇರೆಯೇ ಪರ್ವತ. ಶಿಖರದಲ್ಲಿ ದಾಖಲಾದ ಕನಿಷ್ಠ ತಾಪ 1981ರ ಫೆಬ್ರವರಿಯ ಮೈನಸ್ 38 ಡಿಗ್ರಿ. ಗಾಳಿ ತೀಡಿ ತೀಡಿ ಗಾಜಿನಂತಾದ ಮಂಜುಗಡ್ಡೆಯ ಮೇಲೆ ಕಾಲು ಜಾರಿದರೆ ನೂರಾರು ಮೀಟರುಗಳವರೆಗೆ ತಡೆಯುವಂಥದ್ದು ಏನೂ ಇರುವುದಿಲ್ಲ. 1954ರ ನವೆಂಬರಿನಲ್ಲಿ ತರಬೇತಿಗೆ ಬಂದಿದ್ದ 15 ವಿದ್ಯಾರ್ಥಿಗಳು ಹಿಮಕುಸಿತದಲ್ಲಿ ಸತ್ತರು. 1972ರ ಮಾರ್ಚಿನಲ್ಲಿ ಮಳೆಗಾಳಿಯ ಹೊಡೆತ ಮತ್ತು ಹಿಮಕುಸಿತಕ್ಕೆ ಸಿಕ್ಕಿ 24 ಮಂದಿ ಸತ್ತರು ಇಲ್ಲವೆ ಕಾಣೆಯಾದರು. ಇವರು ಬೆಟ್ಟ ಬಲ್ಲವರು. 2024ರ ಜೂನಿನಲ್ಲಿ, ಹಾದಿಗಳು ತೆರೆಯುವ ಕೆಲವೇ ದಿನ ಮೊದಲು, ಶಿಖರದ ಕುಳಿಯ ಬಳಿ ಮೂರು ಶವಗಳು ಸಿಕ್ಕವು.

ಹಾದಿ ಮುಚ್ಚಿರುವಾಗ ಹೋದರೆ ಅಪರಾಧವೇ? ಇಲ್ಲಿ ಮತ್ತೆ ಅದೇ ರಸ್ತೆ ಕಾಯ್ದೆ ಬರುತ್ತದೆ. ಮುಚ್ಚಿದ ಹಾದಿಯಲ್ಲಿ ನಡೆದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 3 ಲಕ್ಷ ಯೆನ್‌ವರೆಗೆ ದಂಡಕ್ಕೆ ಅವಕಾಶವಿದೆ. ಆದರೆ ಮುಚ್ಚಿರುವುದು ರಸ್ತೆಯೇ ಹೊರತು ಪರ್ವತವಲ್ಲ. ಹಾದಿ ಬಿಟ್ಟು ಹಿಮದ ಇಳಿಜಾರಿನಲ್ಲಿ ಹತ್ತುವವರನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಅನುಭವಿಗಳು ಹಿಮಾಲಯದ ತಯಾರಿಗೆಂದು ಫುಜಿಗೆ ಬರುವ ಸಂಪ್ರದಾಯ ಹಳೆಯದು, ಅವರಿಗಾಗಿ ಈ ಸಡಿಲು ಉಳಿದಿದೆ ಎನ್ನಬಹುದು. ದುರದೃಷ್ಟವಶಾತ್ ಅದೇ ಸಡಿಲಿನಲ್ಲಿ ಅನುಭವವಿಲ್ಲದವರೂ ನುಸುಳುತ್ತಾರೆ.

ಸಿಕ್ಕಿಕೊಂಡವರನ್ನು ಕರೆತರುವವರ ಪಾಡು ಏನೆಂಬುದನ್ನೂ ಹೇಳಬೇಕು. ಬೇಸಿಗೆಯಲ್ಲಾದರೆ ತಂಗುಮನೆಗಳಿಗೆ ಸಾಮಾನು ಸಾಗಿಸುವ ಬುಲ್ಡೋಜರುಗಳು ರೋಗಿಗಳನ್ನೂ ಇಳಿಸುತ್ತವೆ. ಚಳಿಗಾಲದಲ್ಲಿ ಅವೂ ಇಲ್ಲ. ತೆಳುಗಾಳಿಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳಿಗೆ ಎತ್ತುವ ಬಲ ಕಡಿಮೆ, ಸುಳಿಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು ಕಷ್ಟ. 2013ರ ಡಿಸೆಂಬರಿನಲ್ಲಿ ಶಿಖರದ ಸಮೀಪ ಹೆಲಿಕಾಪ್ಟರಿಗೆ ಎತ್ತಿಕೊಳ್ಳುತ್ತಿದ್ದಾಗಲೇ ಒಬ್ಬ ಚಾರಣಿಗ ಕೆಳಗೆ ಬಿದ್ದು, ಆಮೇಲೆ ಸತ್ತದ್ದು ದೃಢಪಟ್ಟಿತು. ಇಂಥ ಕೆಲಸಕ್ಕೆ ರಕ್ಷಿತರಿಂದ ಅಲ್ಲಿ ಹಣ ಪಡೆಯುವುದಿಲ್ಲ. 2025ರ ಏಪ್ರಿಲಿನಲ್ಲಿ ಒಬ್ಬ ವಿದೇಶಿ ವಿದ್ಯಾರ್ಥಿಯನ್ನು ಹೆಲಿಕಾಪ್ಟರಿನಲ್ಲಿ ಇಳಿಸಲಾಯಿತು. ಬಿಟ್ಟುಬಂದ ಫೋನು ಮತ್ತಿತರ ವಸ್ತುಗಳನ್ನು ತರಲೆಂದು ಅವನು ಕೆಲವೇ ದಿನಗಳಲ್ಲಿ ಮತ್ತೆ ಹತ್ತಿ, ಎತ್ತರದ ಕಾಯಿಲೆಗೆ ಸಿಕ್ಕಿ, ಮತ್ತೊಮ್ಮೆ ರಕ್ಷಣೆ ಪಡೆದ. ಫುಜಿನೊಮಿಯ ನಗರದ ಮೇಯರ್ ಇದಾದ ಮೇಲೆ, ಮುಚ್ಚಿದ ಋತುವಿನಲ್ಲಿ ಹತ್ತುವವರೇ ರಕ್ಷಣೆಯ ಖರ್ಚು ಕೊಡಲಿ ಎಂದು ಬಹಿರಂಗವಾಗಿ ಒತ್ತಾಯಿಸಿದರು. ಟೋಕಿಯೋ ಪಕ್ಕದ ಸೈತಾಮ ಪ್ರಾಂತ ತನ್ನ ಕೆಲವು ಬೆಟ್ಟಗಳಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 2018ರಿಂದಲೇ ಶುಲ್ಕ ಪಡೆಯುತ್ತಿದೆ, ಆದ್ದರಿಂದ ಇದು ಹೊಸ ಯೋಚನೆಯೇನಲ್ಲ.

ಖರ್ಚು ತಲೆಯ ಮೇಲೆ ಬೀಳುತ್ತದೆಂದು ಗೊತ್ತಾದರೆ ಗಾಯಗೊಂಡವರು ಕರೆ ಮಾಡುವುದನ್ನೇ ತಡಮಾಡುತ್ತಾರೆ, ಅಷ್ಟರಲ್ಲಿ ಕತ್ತಲಾಗುತ್ತದೆ ಎಂಬ ವಾದವಿದೆ. ಬೇಸಿಗೆಯ ಮಟ್ಟಿಗೆ ಅದನ್ನು ನಾನು ಒಪ್ಪುತ್ತೇನೆ. ಮುಚ್ಚಿದ ಋತುವಿಗೆ ಒಪ್ಪುವುದಿಲ್ಲ. ಆ ಕಾಲದಲ್ಲಿ ಹತ್ತಲೇಬೇಕೆನ್ನುವವರಿಗೆ ಅಲ್ಲಿನ ಮಾರ್ಗಸೂಚಿ ಈಗಾಗಲೇ ಕೆಲವನ್ನು ಕೇಳುತ್ತದೆ: ಸಾಕಷ್ಟು ಅನುಭವ ಮತ್ತು ಸಲಕರಣೆ ಇರಬೇಕು, ಯಾವ ದಾರಿ, ಯಾವ ದಿನ, ಜೊತೆಗೆ ಯಾರು ಎಂಬ ಯೋಜನೆಯನ್ನು ಮೊದಲೇ ಬರೆದು ಸಲ್ಲಿಸಬೇಕು, ಶೌಚಾಲಯಗಳೆಲ್ಲ ಮುಚ್ಚಿರುವುದರಿಂದ ತಮ್ಮ ಮಲವನ್ನು ತಾವೇ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಆ ಯೋಜನೆಯ ಪತ್ರಕ್ಕೆ ರಕ್ಷಣೆಯ ವಿಮೆಯ ಒಂದು ಹಾಳೆಯನ್ನೂ ಲಗತ್ತಿಸಿ ಎಂದರೆ, ಗಂಭೀರವಾಗಿ ಹತ್ತುವ ಯಾರಿಗೂ ಅದು ಹೊರೆಯೆನಿಸುವುದಿಲ್ಲ. ಅವರಲ್ಲಿ ಅನೇಕರ ಬಳಿ ಆ ವಿಮೆ ಈಗಾಗಲೇ ಇದೆ.